ಶಾಲೆಗೆ ಲಸಿಕೆ ದಾಖಲೆ ತರಿಸುವುದು ಹೇಗೆ: ಮಲೆನಾಡಿನ ಶಾಲೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಜೂನ್‌ನಲ್ಲಿ ದಾಖಲಾತಿ ಮುಗಿಯುವ ಹೊತ್ತಿಗೆ ಶಾಲೆಯ ಕಡತದಲ್ಲಿ ಜನನ ಪ್ರಮಾಣಪತ್ರ, ಆಧಾರ್, ಜಾತಿ-ಆದಾಯ ಪ್ರಮಾಣಪತ್ರ, ಫೋಟೊ ಎಲ್ಲ ಸೇರಿರುತ್ತವೆ. ಲಸಿಕೆ ಕಾರ್ಡಿನ ಪ್ರತಿ ಮಾತ್ರ ಎಷ್ಟೋ ಮಕ್ಕಳದ್ದು ಇರುವುದಿಲ್ಲ. ‘ತನ್ನಿ ಅಂತ ಹೇಳಿದ್ದೆವು, ತರಲಿಲ್ಲ’ ಎಂದು ಮಾತು ಅಲ್ಲಿಗೇ ನಿಲ್ಲುತ್ತದೆ. ಯಾಕೆ ತರಲಿಲ್ಲ ಎಂದು ಮನೆಮನೆ ವಿಚಾರಿಸಿ ನೋಡಿದರೆ, ಲಸಿಕೆಯೇ ಬೇಡ ಎನ್ನುವವರು ಬಹಳ ಕಡಿಮೆ. ಉಳಿದವರ ಕಾರ್ಡ್ ತವರು ಮನೆಯಲ್ಲಿ ಉಳಿದಿದೆ, ಮಳೆಗಾಲದಲ್ಲಿ ತೇವಕ್ಕೆ ಅಕ್ಷರ ಅಳಿಸಿದೆ, ಒರಲೆ ತಿಂದಿದೆ, ಇಲ್ಲವೇ ಶಾಲೆಯವರು ಕೇಳುತ್ತಿರುವುದು ಯಾವ ಕಾಗದ ಎಂದೇ ತಿಳಿದಿಲ್ಲ.

ಆದ್ದರಿಂದ ಕೆಲಸ ಶುರುಮಾಡುವ ಮೊದಲೇ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಿ. ಕಾರ್ಡ್ ಇಲ್ಲದ ಮಗು ಬೇರೆ, ಲಸಿಕೆ ಆಗದ ಮಗು ಬೇರೆ. ಮೊದಲನೆಯದಕ್ಕೆ ದಾಖಲೆ ಹುಡುಕಬೇಕು, ಎರಡನೆಯದಕ್ಕೆ ಲಸಿಕೆ ಹಾಕಿಸಬೇಕು. ಎರಡನ್ನೂ ಒಂದೇ ‘ಬಾಕಿ ಪಟ್ಟಿ’ಗೆ ಸೇರಿಸಿ ಎಲ್ಲರಿಗೂ ಒಂದೇ ನೋಟಿಸ್ ಕಳಿಸುವುದೇ ಈ ಕೆಲಸ ಹಳ್ಳ ಹಿಡಿಯಲು ಮುಖ್ಯ ಕಾರಣ. ಎಲ್ಲ ಲಸಿಕೆಯನ್ನೂ ಸರಿಯಾಗಿ ಹಾಕಿಸಿದ ತಾಯಿಗೆ ‘ನಿಮ್ಮ ಮಗುವಿಗೆ ಲಸಿಕೆ ಆಗಿಲ್ಲ’ ಎಂಬ ಚೀಟಿ ಹೋದರೆ, ಮುಂದೆ ಶಾಲೆಯಿಂದ ಬರುವ ಯಾವ ಚೀಟಿಯನ್ನೂ ಆಕೆ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ.

ಇನ್ನೊಂದು ವಿಷಯ ದಾಖಲಾತಿಯದ್ದು. ಲಸಿಕೆ ದಾಖಲೆ ತಂದಿಲ್ಲವೆಂದು ಮಗುವನ್ನು ಬಾಗಿಲಿಂದ ವಾಪಸು ಕಳಿಸಬೇಡಿ. 6ರಿಂದ 14 ವರ್ಷದ ಮಕ್ಕಳಿಗೆ 2009ರ ಶಿಕ್ಷಣ ಹಕ್ಕು ಕಾಯ್ದೆ ನೆರೆಹೊರೆಯ ಶಾಲೆಯ ಹಕ್ಕು ಕೊಟ್ಟಿದೆ. ವಯಸ್ಸಿನ ಪುರಾವೆ ಇಲ್ಲ ಎಂದು ಕೂಡ ಪ್ರವೇಶ ನಿರಾಕರಿಸುವಂತಿಲ್ಲ. ಕಾನೂನಿನ ಮಾತು ಬಿಟ್ಟರೂ, ಹೊರಗೆ ಉಳಿದ ಮಗುವಿಗೆ ಲಸಿಕೆ ಸಿಗುವ ದಾರಿಯೂ ಮುಚ್ಚುತ್ತದೆ. ಮಗುವನ್ನು ಮೊದಲು ಸೇರಿಸಿಕೊಳ್ಳಿ, ದಾಖಲೆ ಕೊಡಲು ಗಡುವು ಹಾಕಿ, ಹುಡುಕಲು ನೆರವಾಗಿ.

ಯಾವ ಡೋಸ್ ಇರಬೇಕು, ಯಾವುದು ಇಲ್ಲದಿದ್ದರೂ ತಪ್ಪಲ್ಲ

ಕಾರ್ಡ್ ಓದಲು ಬಾರದವರು ಕಾರ್ಡ್ ಕೇಳಿದರೆ ಪ್ರಯೋಜನವಿಲ್ಲ. ಶಾಲೆಯಲ್ಲಿ ಒಬ್ಬರಾದರೂ ಶಿಕ್ಷಕರು ಇದನ್ನು ಕಲಿತಿರಬೇಕು. ನಿಮ್ಮ ಆರೋಗ್ಯ ಉಪಕೇಂದ್ರದ ಸಿಸ್ಟರ್ (ಲಸಿಕೆ ಹಾಕುವ ಆರೋಗ್ಯ ಸಹಾಯಕಿ) ಹತ್ತಿರ ಒಂದು ಗಂಟೆ ಕೂತರೆ ಸಾಕು.

ಸರ್ಕಾರಿ ವೇಳಾಪಟ್ಟಿಯ ಪ್ರಕಾರ ಹುಟ್ಟಿದ ಕೂಡಲೇ ಬಿಸಿಜಿ (ಕ್ಷಯಕ್ಕೆ), ಪೋಲಿಯೋ ಸೊನ್ನೆ ಡೋಸ್, ಮತ್ತು 24 ಗಂಟೆಯೊಳಗೆ ಹೆಪಟೈಟಿಸ್ ಬಿ. ಆಮೇಲೆ 6, 10, 14 ವಾರಗಳಲ್ಲಿ ಪೆಂಟಾ (ಐದು ರೋಗಕ್ಕೆ ಒಂದೇ ಲಸಿಕೆ) ಮತ್ತು ಪೋಲಿಯೋ ಹನಿ, ಜೊತೆಗೆ ರೋಟಾ ಹನಿ (ಭೇದಿ ತಡೆಯಲು). ಚುಚ್ಚುವ ಪೋಲಿಯೋ ಲಸಿಕೆ ಮತ್ತು ಪಿಸಿವಿ (ನ್ಯುಮೋನಿಯಾ ತಡೆಯಲು) 6 ಮತ್ತು 14ನೇ ವಾರದಲ್ಲಿ. 9 ತಿಂಗಳು ತುಂಬಿದ ಮೇಲೆ ಎಂಆರ್ (ದಡಾರ-ರುಬೆಲ್ಲಾ) ಮೊದಲ ಡೋಸ್, ಪಿಸಿವಿ ಬೂಸ್ಟರ್, ಚುಚ್ಚುವ ಪೋಲಿಯೋದ ಮೂರನೇ ಡೋಸ್, ವಿಟಮಿನ್ ಎ. 16ರಿಂದ 24 ತಿಂಗಳಲ್ಲಿ ಎಂಆರ್ ಎರಡನೇ ಡೋಸ್, ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯುವಿಗೆ) ಮೊದಲ ಬೂಸ್ಟರ್, ಪೋಲಿಯೋ ಬೂಸ್ಟರ್. 5–6 ವರ್ಷಕ್ಕೆ ಡಿಪಿಟಿ ಎರಡನೇ ಬೂಸ್ಟರ್. 10ನೇ ವರ್ಷದಲ್ಲಿ ಒಂದು, 16ನೇ ವರ್ಷದಲ್ಲಿ ಒಂದು ಟಿಡಿ (ಧನುರ್ವಾಯು, ಗಂಟಲುಮಾರಿಗೆ). ಇಷ್ಟೂ ಉಚಿತ.

ಮಿದುಳು ಜ್ವರದ ಜೆಇ ಲಸಿಕೆ ಎಲ್ಲ ಜಿಲ್ಲೆಗಳ ಪಟ್ಟಿಯಲ್ಲೂ ಇಲ್ಲ. ಬೇರೆ ಜಿಲ್ಲೆಯಿಂದ ಬಂದ ಮಗುವಿನ ಕಾರ್ಡಿನಲ್ಲಿ ಅದು ಕಂಡರೆ ಗೊಂದಲ ಬೇಡ, ಕಾಣದಿದ್ದರೆ ಬಾಕಿ ಎಂದು ಬರೆಯುವ ಮುಂಚೆ ಸಿಸ್ಟರನ್ನು ಕೇಳಿ.

ಇಲ್ಲಿ ಶಿಕ್ಷಕರು ಎಡವುವುದು ಖಾಲಿ ಕಾಲಂಗಳ ವಿಷಯದಲ್ಲಿ. ಪಿಸಿವಿ ದೇಶದಾದ್ಯಂತ ವಿಸ್ತರಣೆಯಾಗಿದ್ದು 2021ರಲ್ಲಿ, ಚುಚ್ಚುವ ಪೋಲಿಯೋದ ಮೂರನೇ ಡೋಸ್ ಬಂದಿದ್ದು 2023ರ ಜನವರಿಯಿಂದ. ಅದಕ್ಕಿಂತ ಮೊದಲು ಆ ವಯಸ್ಸು ದಾಟಿದ ಮಗುವಿನ ಕಾರ್ಡಿನಲ್ಲಿ ಆ ಜಾಗ ಖಾಲಿ ಇರುವುದು ಸಹಜ, ಪೋಷಕರ ತಪ್ಪಲ್ಲ. ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ನಡೆದದ್ದು 2017ರಲ್ಲಿ. ಅದಕ್ಕೂ ಹಿಂದಿನ ಕಾರ್ಡ್‌ಗಳಲ್ಲಿ ‘ಎಂಆರ್’ ಬದಲು ಬರೀ ‘ದಡಾರ’ ಎಂದಿರುತ್ತದೆ. ಟಿಟಿ (ಧನುರ್ವಾಯುವಿಗೆ ಮಾತ್ರ) ಹೋಗಿ ಟಿಡಿ ಬಂದಿದ್ದು 2019ರಲ್ಲಿ. ಇವನ್ನು ತಿಳಿಯದೆ ಹತ್ತನೇ ತರಗತಿ ಹುಡುಗನ ತಾಯಿಗೆ ‘ರೋಟಾ ಎಲ್ಲಿ?’ ಎಂದು ಕೇಳಿದರೆ ಶಾಲೆಯ ಮೇಲಿನ ನಂಬಿಕೆ ಹೋಗುತ್ತದೆ.

ಖಾಸಗಿ ಮಕ್ಕಳ ತಜ್ಞರ ಪುಸ್ತಕ ಬಂದರೆ ಇನ್ನೊಂದು ಬಗೆಯ ಎಚ್ಚರ ಬೇಕು. ಅಲ್ಲಿ ಪೆಂಟಾ ಬದಲು ‘ಹೆಕ್ಸಾ’ ಎಂದೋ, ಲಸಿಕೆ ಕಂಪನಿಯ ಬ್ರ್ಯಾಂಡ್ ಹೆಸರಿನ ಸ್ಟಿಕ್ಕರ್ ಮಾತ್ರವೋ ಇರುತ್ತದೆ. ಹೆಕ್ಸಾ ಎಂದರೆ ಪೆಂಟಾದ ಐದರ ಜೊತೆ ಚುಚ್ಚುವ ಪೋಲಿಯೋ ಸೇರಿದ್ದು. ‘ಎಂಎಂಆರ್’ ಎಂದಿದ್ದರೆ ಅದರೊಳಗೆ ದಡಾರ, ರುಬೆಲ್ಲಾ ಎರಡೂ ಇವೆ, ಎಂಆರ್ ಆಗಿದೆ ಎಂದೇ ಲೆಕ್ಕ. ಸೀತಾಳೆ ಸಿಡುಬು, ಹೆಪಟೈಟಿಸ್ ಎ, ಫ್ಲೂ ಲಸಿಕೆಗಳನ್ನು ದುಡ್ಡು ಕೊಟ್ಟು ಹಾಕಿಸಿದವರ ಪುಸ್ತಕದಲ್ಲಿ ಅವೂ ಇರುತ್ತವೆ. ಸರ್ಕಾರಿ ಪಟ್ಟಿಯಲ್ಲಿ ಇಲ್ಲದ್ದನ್ನು ಶಾಲೆ ಯಾರಿಂದಲೂ ಕೇಳಬಾರದು.

ಎಲ್ಲದರಲ್ಲೂ ಮೊದಲ ಗಮನ ಎರಡರ ಮೇಲಿರಲಿ: ಎಂಆರ್ ಎರಡನೇ ಡೋಸ್ ಮತ್ತು ಡಿಪಿಟಿ ಬೂಸ್ಟರ್‌ಗಳು. ದಡಾರ ಗಾಳಿಯಲ್ಲಿ ಹರಡುವ ರೋಗ. ಅದನ್ನು ಊರಲ್ಲಿ ತಡೆಹಿಡಿಯಲು ನೂರಕ್ಕೆ 95 ಮಕ್ಕಳಿಗಾದರೂ ಎರಡೂ ಡೋಸ್ ಆಗಿರಬೇಕು. ಗಂಟಲುಮಾರಿ ಮತ್ತು ನಾಯಿಕೆಮ್ಮಿನ ರಕ್ಷಣೆ ವರ್ಷ ಕಳೆದಂತೆ ತಗ್ಗುತ್ತದೆ, ಅದಕ್ಕೇ ಬೂಸ್ಟರ್. ಒಂದೂವರೆ ವರ್ಷದ ತನಕ ತಪ್ಪದೆ ಹೋಗುವ ತಾಯಂದಿರು ಆಮೇಲೆ ‘ಎಲ್ಲ ಮುಗಿದಿದೆ’ ಅಂದುಕೊಳ್ಳುತ್ತಾರೆ, 5 ವರ್ಷದ ಡೋಸ್ ಹೆಚ್ಚಾಗಿ ಉಳಿಯುವುದು ಇದಕ್ಕೇ.

ಒಂದನೇ ತರಗತಿಗೆ ಕೇಳಿದರೆ ತಡವಾಯಿತು

ಲಸಿಕೆಗಳಿಗೆ ವಯಸ್ಸಿನ ಮಿತಿ ಇದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಬಿಸಿಜಿ ಒಂದು ವರ್ಷದ ತನಕ, ಎಂಆರ್ ಮತ್ತು ಪೋಲಿಯೋ ಹನಿ 5 ವರ್ಷದ ತನಕ, ಡಿಪಿಟಿ 7 ವರ್ಷದ ತನಕ. ಒಂದನೇ ತರಗತಿಯಲ್ಲಿ ಕಾರ್ಡ್ ನೋಡಿ ‘ಎಂಆರ್ ಎರಡನೇ ಡೋಸ್ ಬಾಕಿ’ ಎಂದು ಕಂಡುಹಿಡಿಯುವ ಹೊತ್ತಿಗೆ ಮಗು ಆ ಮಿತಿ ದಾಟಿರುತ್ತದೆ. ಆಗ ಏನು ಮಾಡಬೇಕೆಂದು ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ ತೀರ್ಮಾನಿಸಬೇಕು, ಇಲ್ಲವೇ ಪೋಷಕರು ಖಾಸಗಿಯಲ್ಲಿ ಎಂಎಂಆರ್ ಹಾಕಿಸಬೇಕು.

ಹಾಗಾಗಿ ಈ ಕೆಲಸ ಅಂಗನವಾಡಿ ಮತ್ತು ಎಲ್‌ಕೆಜಿ-ಯುಕೆಜಿಯಲ್ಲೇ ಶುರುವಾಗಬೇಕು. ನಿಮ್ಮ ಶಾಲೆಗೆ ಮಕ್ಕಳನ್ನು ಕಳಿಸುವ ಅಂಗನವಾಡಿಗಳು ಯಾವುವೆಂದು ನಿಮಗೆ ಗೊತ್ತೇ ಇರುತ್ತದೆ. ಜನವರಿ-ಫೆಬ್ರವರಿಯಲ್ಲಿ ಅಲ್ಲಿನ ಕಾರ್ಯಕರ್ತೆಯರ ಜೊತೆ ಕೂತು, ಬರುವ ವರ್ಷ ಶಾಲೆಗೆ ಬರುವ ಮಕ್ಕಳ ಪಟ್ಟಿ ಮಾಡಿ. ತಾಯಿ ಕಾರ್ಡ್ (ಮಗುವಿನ ಲಸಿಕೆಯನ್ನೂ ಬರೆಯುವ ಸರ್ಕಾರಿ ಕಾರ್ಡ್) ಇದೆಯೋ ಇಲ್ಲವೋ ಅವರೇ ಹೇಳುತ್ತಾರೆ. ಈ ಒಂದು ಹೆಜ್ಜೆ ಇಟ್ಟರೆ ಜೂನ್‌ನ ಕೆಲಸ ಬಹಳ ಹಗುರವಾಗುತ್ತದೆ.

ಕೇಳುವ ಕಾಲ

ಮಲೆನಾಡಿನಲ್ಲಿ ಯಾವಾಗ ಕೇಳುತ್ತೀರಿ ಎಂಬುದರ ಮೇಲೆ ಉತ್ತರ ನಿಂತಿದೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಕಡೆ ಜೂನ್ ಎರಡನೇ ವಾರದಿಂದ ಆಗಸ್ಟ್ ತನಕ ಮಳೆ, ರಜೆ, ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. ಒಂಟಿ ಮನೆಗಳಿಂದ ಮಗುವನ್ನು ಶಾಲೆಗೆ ಮುಟ್ಟಿಸುವುದೇ ಕಷ್ಟವಾಗಿರುವಾಗ ಝೆರಾಕ್ಸ್ ಮಾಡಿಸಲು ಪೇಟೆಗೆ ಯಾರು ಹೋಗುತ್ತಾರೆ? ನವೆಂಬರ್‌ನಿಂದ ಜನವರಿವರೆಗೆ ಅಡಿಕೆ ಕೊನೆ ಇಳಿಸುವುದು, ಸುಲಿಯುವುದು. ರಾತ್ರಿ ಹನ್ನೊಂದರ ತನಕ ಸುಲಿಯುವ ಮನೆಗೆ ಆಗ ಹೋದರೆ ಮಾತಿಗೂ ಸಿಗುವುದಿಲ್ಲ.

ಅನುಕೂಲವಾದ ಕಾಲ ಮಾರ್ಚ್ ಕೊನೆಯಿಂದ ಮೇ ತನಕ. ಏಪ್ರಿಲ್ 10ರ ಫಲಿತಾಂಶದ ದಿನ ಪೋಷಕರು ಹೇಗೂ ಶಾಲೆಗೆ ಬರುತ್ತಾರೆ, ಚೀಟಿಯನ್ನು ಅಂದೇ ಕೈಗೆ ಕೊಡಿ. ಬೇಸಿಗೆ ರಜೆಯಲ್ಲಿ ತಾಯಂದಿರು ತವರಿಗೆ ಹೋಗುತ್ತಾರೆ. ಕಾರ್ಡ್ ಉಳಿದಿರುವುದೂ ಅಲ್ಲೇ. ‘ಊರಿಗೆ ಹೋದಾಗ ತಾಯಿ ಕಾರ್ಡ್ ಹುಡುಕಿ ತನ್ನಿ’ ಎಂದು ಏಪ್ರಿಲ್‌ನಲ್ಲಿ ಹೇಳಿದರೆ ಕೆಲಸ ಆಗುತ್ತದೆ, ಜುಲೈನಲ್ಲಿ ಹೇಳಿದರೆ ಅದಕ್ಕೆಂದೇ ಬೇರೆ ಪ್ರಯಾಣ ಬೇಕು.

ಚೀಟಿ ಬರೆಯುವ ರೀತಿ

‘ಲಸಿಕಾಕರಣ ದಾಖಲಾತಿಯ ದೃಢೀಕೃತ ಪ್ರತಿಯನ್ನು ತಕ್ಷಣ ಸಲ್ಲಿಸತಕ್ಕದ್ದು’ ಎಂದು ಬರೆದರೆ ಓದಿದವರಿಗೆ ಭಯ, ಓದದವರಿಗೆ ಏನೂ ಇಲ್ಲ. ಯಾವ ಕಾಗದ, ಯಾವ ದಿನದೊಳಗೆ, ಸಿಗದಿದ್ದರೆ ಏನು ಮಾಡಬೇಕು, ಯಾರನ್ನು ಕೇಳಬೇಕು ಎಂಬ ನಾಲ್ಕು ಮಾತು ಇದ್ದರೆ ಸಾಕು. ಒಂದು ಮಾದರಿ:

‘ಪೋಷಕರೇ, ನಿಮ್ಮ ಮಗುವಿನ ತಾಯಿ ಕಾರ್ಡ್ ಅಥವಾ ಡಾಕ್ಟರ್ ಕೊಟ್ಟ ಇಂಜೆಕ್ಷನ್ ಪುಸ್ತಕವನ್ನು ಮೇ 30ರೊಳಗೆ ಶಾಲೆಗೆ ತೋರಿಸಿ. ಝೆರಾಕ್ಸ್ ಬೇಕಾಗಿಲ್ಲ, ನಾವೇ ಫೋಟೊ ತೆಗೆದುಕೊಂಡು ಕಾರ್ಡನ್ನು ಅಲ್ಲೇ ವಾಪಸು ಕೊಡುತ್ತೇವೆ. ಕಾರ್ಡ್ ಕಳೆದಿದ್ದರೆ ಚಿಂತೆ ಮಾಡಬೇಡಿ, ಹೆರಿಗೆ ಆದ ಊರು, ಆಸ್ಪತ್ರೆ ಮತ್ತು ಆಗ ಕೊಟ್ಟಿದ್ದ ಮೊಬೈಲ್ ನಂಬರ್ ಬರೆದು ಕಳಿಸಿ, ಹುಡುಕಲು ನಾವು ಸಹಾಯ ಮಾಡುತ್ತೇವೆ. ಯಾವುದಾದರೂ ಇಂಜೆಕ್ಷನ್ ಉಳಿದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುತ್ತಾರೆ. ಈ ಕಾರಣಕ್ಕೆ ಮಗುವಿನ ದಾಖಲಾತಿಗೆ ಏನೂ ತೊಂದರೆ ಇಲ್ಲ.’

ಕೆಳಗೆ ಶಿಕ್ಷಕರ ಹೆಸರು, ಶಾಲೆಯ ನಂಬರ್. ಚೀಟಿಯ ಕೆಳಭಾಗವನ್ನು ಹರಿದು ಕೊಡುವಂತೆ ಮಾಡಿ: ಮಗುವಿನ ಹೆಸರು, ಹೆರಿಗೆಯಾದ ಸ್ಥಳ, ಹಳೆಯ ಮೊಬೈಲ್ ನಂಬರ್, ‘ಕಾರ್ಡ್ ಇದೆ / ಇಲ್ಲ / ಊರಲ್ಲಿದೆ’. ಕಾರ್ಡ್ ಬರದಿದ್ದರೂ ಈ ತುಂಡು ಬಂದರೆ ಹುಡುಕಾಟಕ್ಕೆ ದಾರಿಯಾಗುತ್ತದೆ. ಓದು ಬಾರದ ಮನೆಗಳಿಗೆ ಅದೇ ಮಾತನ್ನು ಒಂದು ನಿಮಿಷದ ವಾಯ್ಸ್ ಮೆಸೇಜ್ ಮಾಡಿ ತರಗತಿಯ ವಾಟ್ಸಾಪ್ ಗುಂಪಿಗೆ ಹಾಕಿ, ಖಾಲಿ ತಾಯಿ ಕಾರ್ಡ್‌ನ ಫೋಟೊವನ್ನೂ ಹಾಕಿ. ಚಿತ್ರ ನೋಡಿದಾಗಲೇ ‘ಓ, ಇದಾ?’ ಎಂದು ಹಲವರಿಗೆ ಗೊತ್ತಾಗುವುದು.

ಕೊರೋನಾ ಲಸಿಕೆಯ ಪ್ರಮಾಣಪತ್ರ ತರುವವರಿರುತ್ತಾರೆ. ಪಲ್ಸ್ ಪೋಲಿಯೋ ಹನಿ ಹಾಕಿಸಿದ್ದೇವಲ್ಲ ಎನ್ನುವವರೂ ಇರುತ್ತಾರೆ. ಕಾಡಂಚಿನ ಊರುಗಳಲ್ಲಿ ದೊಡ್ಡ ಮಕ್ಕಳಿಗೆ ಮಂಗನ ಕಾಯಿಲೆಯ ಲಸಿಕೆ ಆಗಿರಬಹುದು, ಅದನ್ನು ಈಗ ನಿಲ್ಲಿಸಲಾಗಿದೆ. ಈ ಮೂರೂ ತಾಯಿ ಕಾರ್ಡಿನ ಡೋಸ್‌ಗಳ ಬದಲಿಗೆ ಬರುವುದಿಲ್ಲ. ಪಲ್ಸ್ ಪೋಲಿಯೋ ಹೆಚ್ಚುವರಿ ಹನಿ, ವೇಳಾಪಟ್ಟಿಯ ಹನಿ ಬೇರೆ.

ಕಾರ್ಡ್ ಬಂದಾಗ

ಮೂಲ ಕಾರ್ಡನ್ನು ಶಾಲೆಯಲ್ಲಿ ಇಟ್ಟುಕೊಳ್ಳಲೇಬೇಡಿ. ಕೂಡಲೇ ಫೋಟೊ ತೆಗೆಯಿರಿ: ಮಗುವಿನ ಹೆಸರು ಮತ್ತು 12 ಅಂಕಿಯ ಆರ್‌ಸಿಎಚ್ ಸಂಖ್ಯೆ (ಆರೋಗ್ಯ ಇಲಾಖೆಯ ತಾಯಿ-ಮಗು ನೋಂದಣಿ ಸಂಖ್ಯೆ) ಇರುವ ಪುಟ ಒಂದು, ಲಸಿಕೆಯ ದಿನಾಂಕಗಳ ಪುಟ ಇನ್ನೊಂದು. ಬಿಸಿಲಿಗೆ ಬೆನ್ನು ಮಾಡಿ, ಕಾರ್ಡನ್ನು ಮೇಜಿನ ಮೇಲೆ ಚಪ್ಪಟೆಯಾಗಿಟ್ಟು ತೆಗೆದರೆ ಮಸಿ ಹರಡಿದ ಅಂಕಿಯೂ ಓದಲು ಬರುತ್ತದೆ. ಪೋಷಕರು ಎದುರಿಗಿರುವಾಗಲೇ ಓದಿ, ಅನುಮಾನ ಬಂದರೆ ಅಲ್ಲೇ ಕೇಳಿ. ಒಂದು ದಪ್ಪ ಪ್ಲಾಸ್ಟಿಕ್ ಕವರಿಗೆ ಹಾಕಿ ವಾಪಸು ಕೊಡಿ. ಕವರಿನ ಕಟ್ಟೊಂದನ್ನು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ತಂದುಕೊಟ್ಟರೆ ಮುಂದಿನ ಮಳೆಗಾಲಕ್ಕೆ ಎಷ್ಟೋ ಕಾರ್ಡ್ ಉಳಿಯುತ್ತವೆ.

ಓದುವಾಗ ನೋಡಬೇಕಾದ್ದು ದಿನಾಂಕ. ಬರೀ ಟಿಕ್ ಗುರುತು ಇದ್ದು ದಿನಾಂಕ ಇಲ್ಲದಿದ್ದರೆ ಅದು ಆದ ಲಸಿಕೆಯೋ, ಮುಂದಿನ ಬಾರಿ ಬರಬೇಕೆಂಬ ಸೂಚನೆಯೋ ಹೇಳಲಾಗದು. ಪೆನ್ಸಿಲ್‌ನಲ್ಲಿ ಬರೆದ ದಿನಾಂಕ ಹೆಚ್ಚಾಗಿ ‘ಬರಬೇಕಾದ ದಿನ’ವೇ. ಹುಟ್ಟಿದ ದಿನಾಂಕಕ್ಕಿಂತ ಹಿಂದಿನ ತಾರೀಕು, ಎರಡು ಡೋಸ್ ನಡುವೆ 4 ವಾರಕ್ಕಿಂತ ಕಡಿಮೆ ಅಂತರ ಕಂಡರೆ ಬರೆಯುವಾಗ ತಪ್ಪಿರಬಹುದು, ಸಿಸ್ಟರ್‌ಗೆ ತೋರಿಸಿ. ಅಣ್ಣನ ಕಾರ್ಡನ್ನೇ ತಮ್ಮನದ್ದೆಂದು ತರುವುದೂ ಉಂಟು, ಹೆಸರು ಬರೆಯುವ ಜಾಗದಲ್ಲಿ ತಾಯಿಯ ಹೆಸರಷ್ಟೇ ಇದ್ದರೆ ಜನ್ಮದಿನಾಂಕ ತಾಳೆ ಹಾಕಿ.

ಆಮೇಲೆ ರಿಜಿಸ್ಟರ್. ದಾಖಲಾತಿ ಸಂಖ್ಯೆ, ಹೆಸರು, ಹುಟ್ಟಿದ ದಿನಾಂಕ, ಆರ್‌ಸಿಎಚ್ ಸಂಖ್ಯೆ, ಎಂಆರ್ 1, ಎಂಆರ್ 2, ಡಿಪಿಟಿ ಬೂಸ್ಟರ್ 1, ಬೂಸ್ಟರ್ 2, ಟಿಡಿ, ಕೊನೆಗೆ ಷರಾ. ಪ್ರತಿ ಮಗುವಿನ ಮುಂದೆ ನಾಲ್ಕರಲ್ಲಿ ಒಂದು ಮಾತು ಬರೆಯಿರಿ: ಪೂರ್ಣ, ದಾಖಲೆ ಹುಡುಕಬೇಕು, ಡೋಸ್ ಬಾಕಿ, ಪೋಷಕರು ಒಪ್ಪಿಲ್ಲ. ಇಡೀ ಕೆಲಸ ಈ ನಾಲ್ಕು ಮಾತಿನ ಮೇಲೆ ನಿಂತಿದೆ, ಏಕೆಂದರೆ ಒಂದೊಂದಕ್ಕೂ ಮುಂದಿನ ಹೆಜ್ಜೆ ಬೇರೆ. ಈ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕುವುದು, ಪ್ರಾರ್ಥನೆ ವೇಳೆ ಬಾಕಿ ಇರುವವರ ಹೆಸರು ಓದುವುದು ಎರಡೂ ಕೂಡದು. ಅದು ಮಗುವಿನ ಆರೋಗ್ಯದ ಮಾಹಿತಿ. ಎಲ್ಲರೆದುರು ಹೆಸರು ಕೇಳಿಸಿಕೊಂಡ ಮನೆಯವರು ಆಮೇಲೆ ಶಾಲೆಯ ಕಡೆ ತಲೆಹಾಕುವುದಿಲ್ಲ.

ಕಳೆದ ದಾಖಲೆ ಹುಡುಕುವುದು

ಇಲ್ಲಿ ಶಾಲೆ ಹೆಚ್ಚು ಶ್ರಮ ಹಾಕಬೇಕು, ಫಲವೂ ಇಲ್ಲೇ ಹೆಚ್ಚು.

ಮೊದಲು ತಾಯಿಯನ್ನು ಕೇಳಿ, ತಂದೆಯನ್ನಲ್ಲ. ‘ಲಸಿಕೆ ಆಗಿದೆಯಾ?’ ಎಂದು ಕೇಳಿದರೆ ‘ಹೂಂ, ಎಲ್ಲ ಆಗಿದೆ’ ಎಂಬ ಒಂದೇ ಉತ್ತರ ಬರುತ್ತದೆ. ‘ಅಕ್ಕಾ, ಪಾಪು ಹುಟ್ಟಿದ್ದೆಲ್ಲಿ? ಬಾಣಂತನ ಅಮ್ಮನ ಮನೇಲಾ? ಎಷ್ಟು ತಿಂಗಳಿಗೆ ಈ ಕಡೆ ಬಂದ್ರಿ? ಬಂದ ಮೇಲೆ ಇಂಜೆಕ್ಷನ್ ಎಲ್ಲಿ ಹಾಕ್ಸಿದ್ರಿ?’ ಎಂದು ಕೇಳಿ. ಚೊಚ್ಚಲ ಹೆರಿಗೆ ತವರಲ್ಲಿ ಆಗುವುದರಿಂದ ಮೊದಲ ಮೂರರಿಂದ ಐದು ತಿಂಗಳ ಡೋಸ್‌ಗಳು ತವರಿನ ಉಪಕೇಂದ್ರದ ಪುಸ್ತಕದಲ್ಲಿ, 9 ತಿಂಗಳ ನಂತರದವು ಗಂಡನ ಊರಿನ ಪುಸ್ತಕದಲ್ಲಿ ಇರುತ್ತವೆ. ಸೊರಬದ ಸೊಸೆಯ ಮಗುವಿನ ಅರ್ಧ ದಾಖಲೆ ಶಿರಸಿಯಲ್ಲೋ ಹಾನಗಲ್ಲಿನಲ್ಲೋ ಇದ್ದರೆ ಆಶ್ಚರ್ಯವಿಲ್ಲ. ಒಂದೇ ಕಡೆ ಹುಡುಕಿ ‘ಸಿಗಲಿಲ್ಲ’ ಎಂದು ಬಿಟ್ಟುಬಿಡುವುದು ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು.

ಹುಡುಕುವ ಕ್ರಮ ಹೀಗಿರಲಿ. ಊರಿನ ಆಶಾ ಕಾರ್ಯಕರ್ತೆಗೆ ಹೆಸರು ಹೇಳಿ, ಎಷ್ಟೋ ಮಕ್ಕಳ ವಿವರ ಅವರ ಪುಸ್ತಕದಲ್ಲೇ ಸಿಗುತ್ತದೆ. ಅಲ್ಲಿಂದ ಉಪಕೇಂದ್ರದ ಸಿಸ್ಟರ್. ಅವರ ಬಳಿ ಆರ್‌ಸಿಎಚ್ ರಿಜಿಸ್ಟರ್ ಮತ್ತು ಕಾರ್ಡಿನ ಕೌಂಟರ್‌ಫಾಯಿಲ್ (ಅವರೇ ಇಟ್ಟುಕೊಳ್ಳುವ ತುಂಡು) ಇರುತ್ತದೆ. ತಾಯಿಯ ಆರ್‌ಸಿಎಚ್ ಸಂಖ್ಯೆ ಗೊತ್ತಿದ್ದರೆ ಹುಡುಕುವುದು ಸುಲಭ, ಇಲ್ಲದಿದ್ದರೆ ತಾಯಿಯ ಹೆಸರು, ಗಂಡನ ಹೆಸರು, ಆಗಿನ ಮೊಬೈಲ್ ನಂಬರ್. ತವರಿನ ಉಪಕೇಂದ್ರಕ್ಕೆ ಪೋಷಕರನ್ನು ಓಡಿಸುವ ಬದಲು ನಿಮ್ಮ ಸಿಸ್ಟರ್ ಮೂಲಕ ಅಲ್ಲಿನ ಸಿಸ್ಟರ್‌ಗೆ ಫೋನ್ ಮಾಡಿಸಿ. ಅವರವರ ನಡುವೆ ಮಾತಾದರೆ ಹೆಚ್ಚು ಸುತ್ತಾಟ ಇಲ್ಲದೆ ಸಿಗುತ್ತದೆ. ಹೆರಿಗೆ ಆಸ್ಪತ್ರೆಯಲ್ಲಿ, ಅದು ಶಿವಮೊಗ್ಗದ ಮೆಗ್ಗಾನ್ ಆಗಲಿ ತಾಲೂಕು ಆಸ್ಪತ್ರೆಯಾಗಲಿ, ಹುಟ್ಟಿದಾಗಿನ ಡೋಸ್‌ಗಳ ದಾಖಲೆ ಮಾತ್ರ ಇರುತ್ತದೆ. ಮುಂದಿನವಕ್ಕಾಗಿ ಅಲ್ಲಿಗೆ ಹೋಗಿ ದಿನ ಕಳೆಯಬೇಡಿ.

ಈಚೆಗೆ ಹುಟ್ಟಿದ ಮಕ್ಕಳಿಗೆ ಸರ್ಕಾರದ ಆನ್‌ಲೈನ್ ಲಸಿಕೆ ದಾಖಲೆಯಾದ ಯು-ವಿನ್ ಪೋರ್ಟಲ್ ಇದೆ. ಅಲ್ಲಿ ಆಗ ಕೊಟ್ಟ ಮೊಬೈಲ್ ನಂಬರಿಗೆ ಬರುವ ಓಟಿಪಿ ಹಾಕಿದರೆ ಪ್ರಮಾಣಪತ್ರ ಇಳಿಸಿಕೊಳ್ಳಬಹುದು. ತೊಡಕು ಎರಡು. ಒಂದು, ಆ ನಂಬರ್ ಈಗ ಇಲ್ಲದಿರುವುದು ಅಥವಾ ಆಶಾ ಅವರದ್ದೋ ಅಜ್ಜನದ್ದೋ ಆಗಿರುವುದು. ಇನ್ನೊಂದು, ಮನೆಯಲ್ಲಿ ನೆಟ್‌ವರ್ಕ್ ಸಿಗದೆ ಓಟಿಪಿ ಅವಧಿ ಮೀರಿದ ಮೇಲೆ ಬರುವುದು. ಆದ್ದರಿಂದ ಪೋಷಕರ ಸಭೆಯ ದಿನ ನೆಟ್‌ವರ್ಕ್ ಸಿಗುವ ಕೊಠಡಿಯಲ್ಲಿ ಒಬ್ಬ ಶಿಕ್ಷಕರನ್ನು ಕೂರಿಸಿ, ಸಿಮ್ ಇರುವ ಫೋನ್ ತರಲು ಮೊದಲೇ ಹೇಳಿ ಅಲ್ಲೇ ಇಳಿಸಿಕೊಡಿ. ಓಟಿಪಿಯನ್ನು ಪೋಷಕರೇ ನಮೂದಿಸಲಿ, ಫೋನಲ್ಲಿ ಕೇಳಿ ಪಡೆಯುವ ಅಭ್ಯಾಸ ಬೇಡ. ಯು-ವಿನ್ ಬರುವ ಮುಂಚಿನ ಡೋಸ್‌ಗಳು ಅದರಲ್ಲಿ ಇಲ್ಲದಿದ್ದರೆ ಆಗಿಲ್ಲ ಎಂದು ಅರ್ಥವಲ್ಲ.

ದಾಖಲೆ ಸಿಕ್ಕರೆ ಹೊಸ ಕಾರ್ಡಿಗೆ ದಿನಾಂಕ ಇಳಿಸಿ ಸಹಿ ಹಾಕುವುದು ಸಿಸ್ಟರ್ ಅಥವಾ ವೈದ್ಯಾಧಿಕಾರಿಯ ಕೆಲಸ. ತಾಯಿಯ ನೆನಪಿನ ಮೇಲೆ ಶಿಕ್ಷಕರು ದಿನಾಂಕ ತುಂಬುವುದು ಖಂಡಿತ ಕೂಡದು. ಎಡತೋಳಿನ ಮೇಲಿನ ಕಲೆ ಬಿಸಿಜಿಯ ಗುರುತು ಅಷ್ಟೆ, ಬೇರೆ ಯಾವ ಲಸಿಕೆಗೂ ಸಾಕ್ಷಿಯಲ್ಲ. ಕಲೆ ಇಲ್ಲವೆಂದು ಬಿಸಿಜಿ ಮತ್ತೆ ಹಾಕಿಸುವುದೂ ಇಲ್ಲ.

ಎಲ್ಲ ಕಡೆ ಹುಡುಕಿಯೂ ಸಿಗದಿದ್ದರೆ ‘ಡೋಸ್ ಬಾಕಿ’ಗೆ ಬರೆದುಕೊಳ್ಳಿ. ಆಗಿದೆಯೋ ಇಲ್ಲವೋ ಖಚಿತವಿಲ್ಲದಾಗ ವಯಸ್ಸಿಗೆ ತಕ್ಕ ಲಸಿಕೆ ಹಾಕುವುದೇ ಪದ್ಧತಿ. ಒಂದು ಡೋಸ್ ಹೆಚ್ಚಾದರೆ ಸಾಮಾನ್ಯವಾಗಿ ಹಾನಿಯಿಲ್ಲ. ಆಗದೆ ಉಳಿದರೆ ಅಪಾಯ ಇದೆ.

ಬಾಕಿ ಡೋಸ್ ಹಾಕಿಸುವುದು

ಅರ್ಧಕ್ಕೆ ನಿಂತ ಸರಣಿಯನ್ನು ಮೊದಲಿಂದ ಶುರುಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಇದನ್ನು ಪೋಷಕರಿಗೆ ಒತ್ತಿ ಹೇಳಿ. ‘ಎರಡು ವರ್ಷ ತಪ್ಪಿಸಿದ್ದೀವಿ, ಬೈತಾರೆ, ಮತ್ತೆ ಎಲ್ಲ ಚುಚ್ಚುತ್ತಾರೆ’ ಎಂಬ ಹೆದರಿಕೆಗೇ ಎಷ್ಟೋ ತಾಯಂದಿರು ಆಸ್ಪತ್ರೆಗೆ ಹೋಗುವುದಿಲ್ಲ.

ಹೆಚ್ಚಿನ ಕಡೆ ಗುರುವಾರ ಲಸಿಕೆ ದಿನ. ಬಾಕಿ ಮಕ್ಕಳು ನಾಲ್ಕೈದು ಜನ ಇದ್ದರೆ ಆ ದಿನ ಉಪಕೇಂದ್ರಕ್ಕೆ ಕಳಿಸಿ, ಹೆಚ್ಚಿದ್ದರೆ ಶಾಲೆಯಲ್ಲೇ ಹಾಕಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಪತ್ರ ಬರೆಯಿರಿ. ಕನಿಷ್ಠ ಒಂದು ವಾರ ಮೊದಲು, ಯಾವ ಲಸಿಕೆ ಎಷ್ಟು ಮಕ್ಕಳಿಗೆ ಎಂದು ಬೇರೆ ಬೇರೆ ಸಂಖ್ಯೆ ಕೊಡಿ. ನಾಲ್ಕು ಐಸ್ ಪ್ಯಾಕಿನ ಕ್ಯಾರಿಯರ್‌ನಲ್ಲಿ ಲೆಕ್ಕ ಹಾಕಿ ತರುವುದರಿಂದ ಅಂದಾಜಿನ ಸಂಖ್ಯೆ ಕೊಟ್ಟರೆ ಕೊರತೆಯಾಗುತ್ತದೆ. ಎಂಆರ್ ವಯಲ್ (ಲಸಿಕೆಯ ಸೀಸೆ) ಕಲಸಿದ ಮೇಲೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದರೆ ಚೆಲ್ಲಬೇಕು, ಹಾಗಾಗಿ ಎಂಆರ್ ಮಕ್ಕಳನ್ನು ಒಂದೇ ಹೊತ್ತಿಗೆ ಸೇರಿಸಿ. ಆದರೆ ‘ಒಂದೇ ಮಗು, ಮುಂದಿನ ವಾರ ಬನ್ನಿ’ ಎಂದರೆ ಒಪ್ಪಬೇಡಿ. ಒಂದು ಮಗು ಬಂದರೂ ವಯಲ್ ತೆರೆಯಬೇಕೆಂಬುದೇ ನಿಯಮ.

ಶಾಲೆ ಒದಗಿಸಬೇಕಾದ್ದು ಗಾಳಿಯಾಡುವ ಕೊಠಡಿ, ಮೇಜು, ಮಕ್ಕಳು ಕಾಯಲು ಇನ್ನೊಂದು ಕೊಠಡಿ, ಮಲಗಿಸಲು ಬೆಂಚು, ಕುಡಿಯುವ ನೀರು, ತುರ್ತಿಗೆ ಒಂದು ವಾಹನ. ಖಾಲಿ ಹೊಟ್ಟೆಯಲ್ಲಿ ಹಾಕಿಸಬೇಡಿ, ಹಾಲು ಕುಡಿದು ಏನಾದರೂ ತಿಂದಿರಲಿ. ಟಿಡಿಗೆ ಬರುವ ದೊಡ್ಡ ಮಕ್ಕಳಲ್ಲಿ ಹೆದರಿಕೆಗೇ ತಲೆಸುತ್ತಿ ಬೀಳುವವರಿರುತ್ತಾರೆ. ಕೂರಿಸಿ ಹಾಕಲಿ, ಸಾಲಿನಲ್ಲಿ ನಿಂತವರಿಗೆ ಸೂಜಿ ಕಾಣದಿರಲಿ. ಹಾಕಿದ ಮೇಲೆ 30 ನಿಮಿಷ ಕಣ್ಣೆದುರೇ ಇರಲಿ. ಶನಿವಾರ ಇಟ್ಟುಕೊಳ್ಳಬೇಡಿ, ಭಾನುವಾರ ಜ್ವರ ಬಂದರೆ ಪೋಷಕರಿಗೆ ಕೇಳಲು ಯಾರೂ ಸಿಗುವುದಿಲ್ಲ. ಪೋಷಕರ ಒಪ್ಪಿಗೆಯ ಸಹಿ ಮೊದಲೇ ಬಂದಿರಬೇಕು. ಸಹಿ ಬಾರದ ಮಗುವಿಗೆ ‘ಎಲ್ಲರ ಜೊತೆ ಆಗಲಿ’ ಎಂದು ಹಾಕಿಸಿದರೆ ಇಡೀ ಊರಿನ ಒಪ್ಪಿಗೆ ಮುಂದಿನ ವರ್ಷ ಕೈತಪ್ಪುತ್ತದೆ.

ಸಂಜೆ ಮನೆಗೆ ಹೋಗುವಾಗ ಒಂದು ಚೀಟಿ: ಯಾವ ಲಸಿಕೆ, ಏನಾಗಬಹುದು (ಕೈ ನೋವು, ಒಂದೆರಡು ದಿನ ಸಣ್ಣ ಜ್ವರ), ಮುಂದಿನದು ಯಾವಾಗ, ಕಾರ್ಡ್ ಜೋಪಾನ. ಜೊತೆಗೆ ಸಿಸ್ಟರ್ ನಂಬರ್. ಅಂದು ಗೈರಾದವರ ಪಟ್ಟಿಯನ್ನು ಅಂದೇ ಬರೆದು ಸಿಸ್ಟರ್ ಕೈಗೆ ಕೊಡಿ. ವರ್ಷಕ್ಕೊಮ್ಮೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ವೈದ್ಯರ ತಂಡಕ್ಕೂ ನಿಮ್ಮ ರಿಜಿಸ್ಟರ್ ತೋರಿಸಿ.

ಒಪ್ಪದ ಮನೆ

ಒಪ್ಪದಿರುವುದಕ್ಕೆ ಕಾರಣ ಒಂದೇ ಇರುವುದಿಲ್ಲ, ಅದನ್ನು ತಿಳಿಯದೆ ಉಪದೇಶ ಶುರುಮಾಡಬೇಡಿ. ‘ಮೊದಲನೇ ಸಲ ಹಾಕಿಸಿದಾಗ ಮೂರು ದಿನ ಜ್ವರ ಬಂತು’ ಎಂದರೆ, ಏನೇನಾಯಿತೆಂದು ಪೂರ್ತಿ ಕೇಳಿ. ಸಾಮಾನ್ಯ ಜ್ವರವಾದರೆ ಅದು ಲಸಿಕೆ ನಾಟಿದ ಲಕ್ಷಣ ಎಂದು ಹೇಳಬಹುದು. ಫಿಟ್ಸ್, ಉಸಿರಾಟದ ತೊಂದರೆ, ಮೈಯೆಲ್ಲ ಊತ ಆಗಿತ್ತೆಂದರೆ ನೀವು ಸಮಾಧಾನ ಹೇಳದೆ ವೈದ್ಯಾಧಿಕಾರಿಯ ಹತ್ತಿರ ಕಳಿಸಿ, ಅಂಥ ಮಗುವಿಗೆ ಮುಂದಿನ ಡೋಸ್ ಕೊಡುವುದು ಅವರ ತೀರ್ಮಾನ. ‘ನೆಗಡಿ ಆಗಿದೆ, ಕಡಿಮೆಯಾಗಲಿ’ ಎಂಬುದು ಮಲೆನಾಡಿನಲ್ಲಿ ಮಳೆಗಾಲ ಪೂರ್ತಿ ಕೇಳುವ ಮಾತು. ಸಣ್ಣ ಶೀತ, ಕೆಮ್ಮು ಲಸಿಕೆಗೆ ಅಡ್ಡಿಯಲ್ಲ. ‘ನಮ್ಮ ಕಾಲದಲ್ಲಿ ಇದೆಲ್ಲ ಇತ್ತಾ?’ ಎಂದು ಅಜ್ಜಿ ಕೇಳಿದರೆ, ಗಂಟಲುಮಾರಿ, ನಾಯಿಕೆಮ್ಮಿನಲ್ಲಿ ಹೋದ ಮಕ್ಕಳ ನೆನಪು ಅವರಿಗೇ ಇರುತ್ತದೆ, ಅವರಿಂದಲೇ ಕೇಳಿ. ಮನೆಯಲ್ಲಿ ತೀರ್ಮಾನ ಮಾಡುವವರು ಅಜ್ಜಿಯೋ ದೊಡ್ಡಪ್ಪನೋ ಆಗಿದ್ದರೆ, ತಾಯಿಯೊಬ್ಬಳಿಗೇ ಹೇಳಿ ಏನೂ ಆಗದು.

ಹೋಗುವಾಗ ಇಬ್ಬರೇ ಹೋಗಿ, ಅದರಲ್ಲಿ ಒಬ್ಬರು ಆ ಮನೆಗೆ ಬೇಕಾದವರಾಗಿರಲಿ: ಆಶಾ, ಎಸ್‌ಡಿಎಂಸಿ ಸದಸ್ಯೆ, ತಾಂಡಾದ ನಾಯಕ, ಮಸೀದಿ ಕಮಿಟಿಯ ಹಿರಿಯರು. ಐದಾರು ಜನ ಗುಂಪಾಗಿ ಹೋದರೆ ತಪ್ಪು ಹಿಡಿಯಲು ಬಂದಂತೆ ಕಾಣುತ್ತದೆ. ‘ರೇಷನ್ ನಿಲ್ಲುತ್ತದೆ, ವಿದ್ಯಾರ್ಥಿವೇತನ ಬರಲ್ಲ’ ಎಂಬ ಸುಳ್ಳು ಬೆದರಿಕೆ ಎಂದಿಗೂ ಬೇಡ. ಎರಡು ಭೇಟಿಯ ನಂತರವೂ ಬೇಡವೆಂದರೆ ರಿಜಿಸ್ಟರಿನಲ್ಲಿ ‘ಒಪ್ಪಿಲ್ಲ’ ಎಂದು ದಿನಾಂಕ ಸಮೇತ ಬರೆದು, ಕಾರಣವನ್ನೂ ಅವರ ಮಾತಿನಲ್ಲೇ ಬರೆದು ವೈದ್ಯಾಧಿಕಾರಿಗೆ ತಿಳಿಸಿ. ಮಾತು ಕಡಿಯದಿರಲಿ. ದಡಾರವೋ ಗಂಟಲುಮಾರಿಯೋ ಹತ್ತಿರದ ಊರಲ್ಲಿ ಕಂಡುಬಂದರೆ ಮೊದಲು ತಿಳಿಸಬೇಕಾದ ಮನೆಗಳೂ ಇವೇ, ಆಗ ಅವರಲ್ಲಿ ಹಲವರು ಒಪ್ಪುತ್ತಾರೆ.

ವಲಸೆ ಮಕ್ಕಳು, ವಸತಿ ಶಾಲೆಗಳು

ಅಡಿಕೆ ಕೊಯ್ಲಿಗೆ, ಕಟ್ಟಡದ ಕೆಲಸಕ್ಕೆ ಬಯಲುಸೀಮೆಯಿಂದ ಬರುವವರು, ಶಿಕಾರಿಪುರದ ಕಡೆಯ ತಾಂಡಾಗಳಿಂದ ಕಬ್ಬು ಕಡಿಯಲು ಹೋಗಿ ಬರುವವರು, ಇವರ ಮಕ್ಕಳ ಕಾರ್ಡ್ ಯಾವ ಊರಲ್ಲೂ ಪೂರ್ತಿಯಾಗಿರುವುದಿಲ್ಲ. ಇವರಿಗೆ ಗಡುವು ಕೊಟ್ಟು ಕಾಯಬೇಡಿ, ಸೇರಿದ ವಾರದಲ್ಲೇ ಸಿಸ್ಟರ್‌ಗೆ ಹೆಸರು ಕೊಡಿ. ಲಸಿಕೆಗೆ ವಿಳಾಸದ ಪುರಾವೆ ಬೇಕಿಲ್ಲ, ಯಾವ ಊರಿನ ಮಗುವಾದರೂ ಇಲ್ಲಿ ಹಾಕುತ್ತಾರೆ. ಹೊರಡುವಾಗ ಕಾರ್ಡಿನ ಫೋಟೊವನ್ನು ತಂದೆ-ತಾಯಿ ಇಬ್ಬರ ಫೋನಿಗೂ ಕಳಿಸಿ.

ವಸತಿ ಶಾಲೆಗಳಲ್ಲಿ ಮಕ್ಕಳು ಒಂದೇ ಕೊಠಡಿಯಲ್ಲಿ ಮಲಗುವುದರಿಂದ ದಡಾರ, ಗಂಟಲುಮಾರಿ ಬಂದರೆ ಬೇಗ ಹಬ್ಬುತ್ತದೆ. ಅಲ್ಲಿ ಪ್ರವೇಶದ ತಿಂಗಳೇ ಎಲ್ಲರ ದಾಖಲೆ ನೋಡಿ ಮುಗಿಸಬೇಕು.

ಒಮ್ಮೆ ಮಾಡಿದ್ದು ಉಳಿಯಬೇಕಾದರೆ

ಐದನೇ ತರಗತಿಯಲ್ಲಿ ಮಕ್ಕಳಿಗೆ 10 ವರ್ಷ, ಹತ್ತನೇ ತರಗತಿ ಮುಗಿಸುವಾಗ ಹೆಚ್ಚಿನವರಿಗೆ 16. ಈ ಎರಡು ತರಗತಿಯವರ ಟಿಡಿ ಪಟ್ಟಿಯನ್ನು ಪ್ರತಿ ವರ್ಷ ಆಗಸ್ಟ್ ಕೊನೆಗೆ ಹೊಸದಾಗಿ ಮಾಡಿ ಆರೋಗ್ಯ ಕೇಂದ್ರಕ್ಕೆ ಕೊಡಿ. ರಿಜಿಸ್ಟರನ್ನು ಒಬ್ಬ ಶಿಕ್ಷಕರ ಹೆಸರಿನಲ್ಲಿ ಇಡದೆ ಶಾಲೆಯ ಕಡತವಾಗಿ ಇಡಿ, ವರ್ಗಾವಣೆಯಾದಾಗ ಅಧಿಕಾರ ಹಸ್ತಾಂತರದ ಪಟ್ಟಿಯಲ್ಲಿ ಇದೂ ಸೇರಲಿ. ಫೋಟೊಗಳನ್ನು ಒಬ್ಬರ ಸ್ವಂತ ಫೋನಿನಲ್ಲಿ ಬಿಡದೆ ಶಾಲೆಯ ಕಂಪ್ಯೂಟರಿಗೆ ಹಾಕಿ, ಪಾಸ್‌ವರ್ಡ್ ಮುಖ್ಯಶಿಕ್ಷಕರ ಬಳಿ ಇರಲಿ. ಮಗು ವರ್ಗಾವಣೆ ಪತ್ರ ಪಡೆದು ಬೇರೆ ಶಾಲೆಗೆ ಹೋಗುವಾಗ ಲಸಿಕೆ ಪುಟದ ಮುದ್ರಿತ ಪ್ರತಿಯೊಂದನ್ನು ಅದರ ಜೊತೆಗೇ ಲಗತ್ತಿಸಿ, ಯಾವ ಡೋಸ್ ಬಾಕಿ ಇದೆ, ಯಾವ ತಿಂಗಳು ಹಾಕಿಸಬೇಕು ಎಂದು ಹಿಂಬದಿಯಲ್ಲಿ ಬರೆದು ಕೊಡಿ.